ಬಣ್ಣಕ್ಕೆ ವಿಮೆ, ಭುಜಕ್ಕೆ ಇಲ್ಲ

ನಮ್ಮ ನ್ಯೂ ಮೆಕ್ಸಿಕೊದ ಲಾಸ್ ನುಬೆಸ್ ಊರಿನ ರಸ್ತೆಯಲ್ಲಿ ಯಾವ ಗಾಡಿಗೆ ವಿಮೆ ಇದೆ, ಯಾವುದಕ್ಕೆ ಇಲ್ಲ ಎಂದು ನೋಡಿ ಹೇಳಲಾಗುವುದಿಲ್ಲ. ಎಲ್ಲ ಗಾಡಿಗಳ ಮೇಲೂ ಅದೇ ಕೆಂಪು ಧೂಳು. ಚಳಿಗಾಲದಲ್ಲಿ ಸೌದೆಗೆ, ಮಕ್ಕಳ ಬೂಟಿಗೆ ದುಡ್ಡು ಸಾಲದೆ ಕೆಲವರು ಕಂತು ಬಿಟ್ಟುಬಿಡುತ್ತಾರೆ. ಹಿಮ ಕರಗಿದ ಮೇಲೆ ಕಟ್ಟೋಣ ಎಂದುಕೊಳ್ಳುತ್ತಾರೆ. ಹಿಮ ಕರಗುತ್ತದೆ, ಕಂತು ಹಾಗೇ ಉಳಿಯುತ್ತದೆ.

ದೆಲ್ಫೀನೊ ಮಾವ ಕಂತು ಬಿಡುವವರಲ್ಲ. ಅವರದು ದೋಣಿಯಷ್ಟು ಉದ್ದದ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಹಳೆಯ ಕಾರು. ಅದಕ್ಕೆ ಹದಿನಾಲ್ಕು ಪದರ ನೀಲಿ ಬಣ್ಣ ಹೊಡೆಸಿದ್ದರು. ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಒಂದು ನೀಲಿಯ ಕೆಳಗೆ ಇನ್ನೊಂದು ನೀಲಿ, ಅದರ ಕೆಳಗೆ ಮತ್ತೊಂದು ಕಾಣುತ್ತಿತ್ತು, ಬಾವಿಗೆ ಇಣುಕಿದ ಹಾಗೆ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಊರಿನ ಇಂಥ ಕಾರುಗಳೆಲ್ಲ ಸಾಲಾಗಿ ಹೊರಡುತ್ತವೆ. ನಡೆಯುವವರಿಗಿಂತ ಸ್ವಲ್ಪ ಬೇಗ, ಅಷ್ಟೇ. ಎಲ್ಲಿಗೂ ಹೋಗಿ ಮುಟ್ಟುವುದಕ್ಕಲ್ಲ. ಹಿಂದಿನ ಸೀಟಿನಲ್ಲಿ ಕೂತರೆ ಮಣ್ಣಿನ ಗೋಡೆಗಳು, ಪಾಪ್ಲರ್ ಮರಗಳು, ಬೇಲಿಯೊಳಗಿನ ಕುದುರೆಗಳು ತಾವೇ ತೇಲಿಕೊಂಡು ಹಿಂದಕ್ಕೆ ಹೋಗುತ್ತವೆ. ಅಲ್ಲಿ ನಾನು ಎಷ್ಟೋ ಸಲ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ್ದೇನೆ.

ಮಾವನ ಹೆಂಡತಿ ಓರ್ಲಿಂಡಾ ಅತ್ತೆ ಮಗ್ಗದಲ್ಲಿ ಕಂಬಳಿ ನೇಯುತ್ತಿದ್ದರು. ಶಾಲೆ ಬಿಟ್ಟಾಗಿನಿಂದ ನಾನು ಅವರಿಗೆ ನೂಲು ಸುತ್ತಿಕೊಡುತ್ತಿದ್ದೆ. ಆ ಮನೆಯ ಅರ್ಧ ಊಟ ಆ ಕಂಬಳಿಗಳ ದುಡ್ಡಿನಿಂದಲೇ ಬರುತ್ತಿತ್ತು.

ಮಾರ್ಚ್ ತಿಂಗಳಲ್ಲಿ ವಿಮೆ ಹೊಸದು ಮಾಡುವ ಕಾಗದ ಬಂತು. ಪಕ್ಕದ ಮನೆಯ ಬೆಲರ್ಮೀನಾ ಕಾಫಿಗೆಂದು ಬಂದು ಕೂತಿದ್ದರು. ಅವರು ಕ್ಲಿನಿಕ್ಕಿನ ವ್ಯಾನ್ ಓಡಿಸುವವರು, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವವರು.

"ದೆಲ್ಫೀನೊ, ಯಾವುದಕ್ಕೆ 'ಬೇಡ' ಅಂತ ಸಹಿ ಹಾಕ್ತಿದೀಯ?" ಎಂದು ಅವರು ಕತ್ತು ಚಾಚಿದರು.

"ವಿಮೆ ಇಲ್ದೋನು ಬಂದು ಗುದ್ದಿದ್ರೆ ಅದಕ್ಕೊಂದು ರಕ್ಷಣೆ ಅಂತೆ. ಗುದ್ದೋನು ಅವನು, ಕಟ್ಟೋನು ನಾನಾ?"

"ಮತ್ತಿನ್ಯಾರು ಕಟ್ತಾರೆ?"

"ಕೋರ್ಟಿಗೆ ಎಳೀತೀನಿ."

"ಎಳೆದು ಏನ್ ತಗೋತೀಯಪ್ಪ? ನನಗೆ ಗುದ್ದಿದೋನ ಹತ್ರ ಇದ್ದಿದ್ದು ಒಂದು ಮುರುಕಲು ಟ್ರಕ್ಕು, ಒಂದು ನಾಯಿ. ನಾಯಿನೂ ಅವನ ತಂಗೀದಂತೆ."

ಮಗ್ಗದ ಹಿಂದಿನಿಂದ ಅತ್ತೆ ನಕ್ಕರು.

"ಆಸ್ಪತ್ರೆ ಖರ್ಚು, ನಾನು ಕೆಲಸಕ್ಕೆ ಹೋಗದೆ ಇದ್ದ ಎರಡು ತಿಂಗಳ ಸಂಬಳ, ಎಲ್ಲಾ ನನ್ನ ಕಂಪನಿನೇ ಕೊಡ್ತು. ಯಾಕೆ ಅಂದ್ರೆ ಕಾಗದದ ಇದೇ ಸಾಲಲ್ಲಿ ನಾನು 'ಬೇಕು' ಅಂದಿದ್ದೆ. ಗುದ್ದಿ ಓಡಿಹೋದೋನು ಸಿಗದಿದ್ರೂ ಇದೇ ಆಗೋದು. ಅವನ ವಿಮೆ ಸಾಲದೆ ಬಂದ್ರೆ, ನೋಡು, ಅದಕ್ಕೂ ಇಲ್ಲೇ ಸೇರ್ಸಿದಾರೆ. ಗುಡ್ ಫ್ರೈಡೆ ದಿನ ಹರಕೆ ಹೊತ್ತು ಚಿಮಾಯೊ ಚರ್ಚಿಗೆ ನಡ್ಕೊಂಡು ಹೋಗ್ತೀವಲ್ಲ, ಆಗ ಯಾವನಾದ್ರೂ ನಮಗೆ ತಗಲಿಸಿದ್ರೂ ಇದು ಬರುತ್ತೆ. ಕಾರು ಮನೇಲೇ ನಿಂತಿದ್ರೂ ಪರವಾಗಿಲ್ಲ."

"ನಂದು ಪೂರ್ತಿ ವಿಮೆ ಕಣಮ್ಮ. ಒಂದು ಗೀರು ಬಿದ್ರೂ ಬಣ್ಣ ಮಾಡ್ಸಿ ಕೊಡ್ತಾರೆ."

"ಅದು ಕಾರಿಗೆ. ಒಳಗೆ ಕೂತೋರಿಗೆ?"

"ನಾನು ಹೋಗೋ ವೇಗಕ್ಕೆ ಯಾರು ಗುದ್ತಾರೆ? ಆಮೆನೂ ಹಾರ್ನ್ ಹೊಡ್ಕೊಂಡು ನನ್ನ ದಾಟಿ ಹೋಗುತ್ತೆ." ಮಾವ ಸಹಿ ಹಾಕಿದರು. "ಉಳಿದ ದುಡ್ಡಲ್ಲಿ ಚಕ್ರದ ಕಡ್ಡಿಗೆ ಹೊಳಪು ಕೊಡಿಸ್ತೀನಿ."

ಬೆಲರ್ಮೀನಾ ಸೋಂಪಿನ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತ, ಒಣಗಿದ ಆ ಸಹಿಯನ್ನೇ ನೋಡಿದರು.

ಮೇ ತಿಂಗಳ ಒಂದು ಭಾನುವಾರ. ಪಾಪ್ಲರ್ ಮರಗಳು ತಮ್ಮ ಬೀಜದ ಬಿಳಿ ಹತ್ತಿಯನ್ನು ಗಾಳಿಗೆ ಬಿಟ್ಟಿದ್ದವು. ಅದು ಕಾರಿನ ನೀಲಿಯ ಮೇಲೆ ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಮುಂದಿನ ಕಾರು ಯಾರನ್ನೋ ಮಾತಾಡಿಸಲು ನಿಂತಿತು, ನಾವೂ ನಿಂತೆವು. ಅತ್ತೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಹಿಂದಿನಿಂದ ಏನೋ ಬಂದು ಗುದ್ದಿತು. ಶಬ್ದ ದೊಡ್ಡದಾಗಿರಲಿಲ್ಲ. ದೂರದ ಮನೆಯಲ್ಲಿ ಯಾರೋ ಬಾಗಿಲು ಹಾಕಿದಂತಿತ್ತು. ಹಳೆಯ ಕಾರಾದ್ದರಿಂದ ಸೀಟಿನ ಪಟ್ಟಿ ಸೊಂಟಕ್ಕೆ ಮಾತ್ರ. ಅತ್ತೆ ಮುಂದಕ್ಕೆ ಬಾಗಿದರು, ಬಲಭುಜ ಎದುರಿನ ಕಬ್ಬಿಣಕ್ಕೆ ಬಡಿಯಿತು. ಹತ್ತಿ ಮಾತ್ರ ಮೊದಲಿನ ಹಾಗೇ ಇಳಿಯುತ್ತಿತ್ತು.

ಮಾವ ಇಳಿದು ಮೊದಲು ಹೋಗಿ ನೋಡಿದ್ದು ಕಾರಿನ ಹಿಂಭಾಗವನ್ನು. ನಾನು ಕರೆದ ಮೇಲೆ ಈ ಕಡೆ ಬಂದರು.

ಗುದ್ದಿದ ಟ್ರಕ್ಕಿನಲ್ಲಿ ಹುಲ್ಲಿನ ಹೊರೆಗಳಿದ್ದವು. ನರೆತ ಮೀಸೆಯವನೊಬ್ಬ ಟೋಪಿಯನ್ನು ಎದೆಗೆ ಒತ್ತಿಕೊಂಡು ಬಂದ. "ತಪ್ಪು ನಂದೇ ಸ್ವಾಮಿ. ವಿಮೆ ಜನವರಿಲೇ ನಿಂತೋಯ್ತು. ಹೆಂಡ್ತಿಗೆ ಹುಷಾರಿಲ್ಲ. ಕಟ್ಬೇಕು ಕಟ್ಬೇಕು ಅಂತಲೇ ಇದ್ದೆ."

ಮಾವನಿಗೆ ಬೈಯಲೂ ಆಗಲಿಲ್ಲ.

ಕಾರು ನಾಲ್ಕು ವಾರಕ್ಕೆ ವರ್ಕ್‌ಶಾಪಿನಿಂದ ಬಂತು. ಎಲ್ಲಿ ಬಗ್ಗಿತ್ತೆಂದು ಬೆರಳಿಟ್ಟು ತೋರಿಸಲಾಗದ ಹಾಗೆ ಸರಿ ಮಾಡಿದ್ದರು. ಅತ್ತೆಯ ಮುರಿದ ಮೂಳೆಯೂ ಕೂಡಿತು. ಆದರೆ ಕೈ ಎದೆಯಿಂದ ಮೇಲೆ ಏಳಲಿಲ್ಲ. ಆರು ತಿಂಗಳು ವಾರಕ್ಕೆರಡು ಸಲ ವ್ಯಾಯಾಮಕ್ಕೆ ಬರಬೇಕು, ಬಿಟ್ಟರೆ ಭುಜ ಹಾಗೇ ಗಟ್ಟಿಯಾಗುತ್ತದೆ ಎಂದರು ಡಾಕ್ಟರು. ಆಸ್ಪತ್ರೆ ಖರ್ಚಿಗೆಂದು ಇದ್ದ ಆರೋಗ್ಯ ವಿಮೆಯ ಕಾರ್ಡು ಹನ್ನೆರಡು ಸಲಕ್ಕೆ ಮುಗಿಯಿತು. ನೇಯದ ಕಂಬಳಿಗೆ ಯಾರೂ ಏನೂ ಕೊಡಲಿಲ್ಲ. ಮಗ್ಗದ ಮೇಲೆ ಅರ್ಧ ಕಂಬಳಿ ನಿಂತಿತ್ತು. ನಾನು ದಿನಾ ಅದರ ಧೂಳು ಒರೆಸುತ್ತಿದ್ದೆ.

ಬೆಲರ್ಮೀನಾ ಬಂದು ಕೇಳಿದರು, "ಕಂಪನಿಯೋರು ಏನಂದ್ರು?"

"'ಬೇಡ' ಅಂತ ನೀವೇ ಬರ್ಕೊಟ್ಟಿದೀರ ಅಂದ್ರು. ಕಾಗದನೂ ಕಳ್ಸಿದಾರೆ. ಸಹಿ ನಂದೇ," ಎಂದರು ಮಾವ.

"ನನ್ನನ್ನೂ ಆ ವರ್ಕ್‌ಶಾಪಿಗೆ ಬಿಟ್ಟು ಬಾ," ಎಂದರು ಅತ್ತೆ ಮೆಲ್ಲಗೆ. "ನಾಲ್ಕು ವಾರಕ್ಕೆ ಹೊಸದು ಮಾಡಿ ಕೊಡ್ತಾರಂತಲ್ಲ."

ಮಾವ ಕಂಪನಿಯ ಆ ಕಾಗದವನ್ನು ಬೆಲರ್ಮೀನಾರ ಮುಂದೆ ಇಟ್ಟರು.

"ಈಗ 'ಬೇಕು' ಅಂದ್ರೆ ಆಗುತ್ತಾ?" ಎಂದು ಕೇಳಿದರು.

"ಇವತ್ತೇ ಹೇಳಬಹುದು. ಹೊಸ ಕಾಗದ ಬರೋವರೆಗೆ ಕಾಯೋದು ಬೇಡ. ಆದ್ರೆ ಸಹಿ ಹಾಕಿದ ದಿನದಿಂದ ಮುಂದಕ್ಕೆ ಮಾತ್ರ ಕಣೋ. ಆಗಿಹೋದ ಭಾನುವಾರಕ್ಕೆ ಅದು ಬರಲ್ಲ."

ಮರುದಿನ ಮಾವ ನನ್ನನ್ನೂ ಕರೆದುಕೊಂಡು ವಿಮೆ ಕಚೇರಿಗೆ ಹೋದರು. ಎಷ್ಟು ರಕ್ಷಣೆ ಬೇಕು ಎಂದು ಅಲ್ಲಿಯ ಹೆಂಗಸು ಕೇಳಿದಳು. "ನಾನು ಬೇರೆಯೋರಿಗೆ ಗುದ್ದಿದ್ರೆ ಅವರಿಗೆ ಎಷ್ಟು ಕೊಡ್ತೀರೋ, ನಮ್ಮ ಮನೆಯೋರಿಗೂ ಅಷ್ಟೇ ಇರ್ಲಿ," ಎಂದರು. ಸಹಿ ಹಾಕುವ ಮೊದಲು ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. ಆ ರಕ್ಷಣೆಗೆಂದು ಕಂತಿಗೆ ಸೇರಿದ್ದು ಅವರು ಹೆದರಿದ್ದಕ್ಕಿಂತ ಕಡಿಮೆ.

ಅತ್ತೆಯ ವ್ಯಾಯಾಮಕ್ಕೆ ದುಡ್ಡು ಬೇಕಿತ್ತು. ಆಗಸ್ಟ್ ಕೊನೆಯಲ್ಲಿ ಮಾವ ಕಾರನ್ನು ಮಾರಿದರು. ಆಲ್ಬುಕರ್ಕಿಯಿಂದ ಗಂಡ ಹೆಂಡತಿ ಬಂದಿದ್ದರು. ಆ ಹೆಂಗಸು ಬಾಗಿಲಿನ ನೀಲಿಯಲ್ಲಿ ತನ್ನ ಮುಖ ನೋಡಿಕೊಂಡು ಮೈಮರೆತು ನಿಂತಿದ್ದಳು. ಮಾವ ಕೀಲಿಕೈ ಹಿಡಿದಿದ್ದರು, ಇನ್ನೂ ಕೊಟ್ಟಿರಲಿಲ್ಲ.

"ವಿಮೆ ಮಾಡ್ಸಿದೀರಾ?"

"ಓ, ಪೂರ್ತಿ ಮಾಡ್ಸಿದೀವಿ," ಎಂದ ಗಂಡ.

"ಕಾಗದ ತೆಗೀರಿ. ವಿಮೆ ಇಲ್ದೋನು ಗುದ್ದಿದ್ರೆ ನಿಮ್ಮವ್ರಿಗೆ ಕೊಡೋ ಒಂದು ಸಾಲಿರುತ್ತೆ. ಅದನ್ನ ತೋರಿಸಿದ ಮೇಲೆ ಕೀಲಿ."

ಅವರು ಹುಡುಕಿದರು. ಆ ಸಾಲಿನಲ್ಲಿ 'ಬೇಡ' ಎಂದಿತ್ತು. ಗಂಡ ನಮ್ಮ ಅಂಗಳದಲ್ಲೇ ನಿಂತು ಕಂಪನಿಗೆ ಫೋನ್ ಮಾಡಿ ಅದನ್ನು 'ಬೇಕು' ಎಂದು ಬದಲಿಸಿದ. ಅಷ್ಟು ಹೊತ್ತೂ ಮಾವ ನೆರಳಿನಲ್ಲಿ ಕಾದರು. ಆಮೇಲೆ ಕೀಲಿಕೈ ಕೊಟ್ಟು, ತಿರುಗಿ ನೋಡದೆ ಅತ್ತೆಯನ್ನು ಕೆಲಸಕ್ಕೆಂದು ಇಟ್ಟುಕೊಂಡಿದ್ದ ತಮ್ಮ ಹಳೆಯ ಟ್ರಕ್ಕಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟರು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಗಾಡಿಯ ವಿಮೆ ಕಾಗದವನ್ನು ಇವತ್ತು ಹೊರಗೆ ತೆಗೆಯಿರಿ. 'ಪೂರ್ತಿ ವಿಮೆ' ಎಂಬ ಮಾತನ್ನು ನಂಬಿ ಸುಮ್ಮನಿರಬೇಡಿ. ವಿಮೆ ಇಲ್ಲದವರು ಗುದ್ದಿದರೆ, ಗುದ್ದಿ ಓಡಿಹೋದರೆ ನಿಮ್ಮ ಮನೆಯವರಿಗೆ ಏನು ಸಿಗುತ್ತದೆ, ನಡೆದು ಹೋಗುವಾಗ ಆದರೂ ಸಿಗುತ್ತದೆಯೇ ಎಂದು ಕಂಪನಿಯವರನ್ನೇ ಕೇಳಿ. ಊರಿಂದೂರಿಗೆ ನಿಯಮ ಬೇರೆ ಇರಬಹುದು, ಅದಕ್ಕೇ ಕೇಳಿ ಎನ್ನುತ್ತಿದ್ದೇನೆ. ಓದಲು ಕಷ್ಟವಾದರೆ ಓದಬಲ್ಲವರ ಮನೆಗೆ ಕಾಗದ ತೆಗೆದುಕೊಂಡು ಹೋಗಿ; ಅದರಲ್ಲಿ ನಾಚಿಕೆ ಪಡುವುದೇನಿಲ್ಲ. ಎದುರಿನಿಂದ ಬರುವವನು ಕಂತು ಕಟ್ಟಿದ್ದಾನೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ನಮ್ಮ ಕಾಗದದಲ್ಲಿ ಏನಿದೆ ಎಂಬುದನ್ನಾದರೂ ನಾವು ತಿಳಿದುಕೊಂಡಿರೋಣ.