ಕೆಂಪು ಕ್ಯಾಲಿಪರ್

ಜರ್ಮನಿಯ ನಮ್ಮ ಆಡೆನೌ ಊರಿನ ಗಂಡಸರು ಮೈಗೆ ಏನಾದರೂ ಆದರೆ ಮೊದಲು ಕಾರಿಗೆ ಔಷಧ ಮಾಡಿಸುತ್ತಾರೆ. ಬೆನ್ನು ಹಿಡಿದರೆ ಸೀಟು ಬದಲಾಯಿಸುತ್ತಾರೆ, ಕೈ ನಡುಗಿದರೆ ಸ್ಟೀರಿಂಗ್ ಬದಲಾಯಿಸುತ್ತಾರೆ. ಊರ ಪಕ್ಕದ ರಿಂಗ್ ರೇಸ್ ಟ್ರ್ಯಾಕಿನ ಸದ್ದು ಕೇಳಿಕೊಂಡೇ ಬೆಳೆದವರ ಹಣೆಬರಹ ಅದು. ನನ್ನ ಗಂಡ ರೈಮುಂಡ್ ಮಾತ್ರ ಬೇರೆ ಥರ ಇರುತ್ತಾನೆಯೇ? ಇಷ್ಟು ವರ್ಷ ಅವನ ಜೊತೆ ಸಂಸಾರ ಮಾಡಿಯೂ ನನಗೆ ಹೊಳೆಯಲಿಲ್ಲವಲ್ಲ ಎಂದು ಈಗಲೂ ಮೈಯೆಲ್ಲ ಉರಿಯುತ್ತದೆ.

ಮಾರ್ಚಿನಲ್ಲಿ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ತಮ್ಮ ಕಾರು ಓಡಿಸಲು ಬಿಟ್ಟ ಮೊದಲ ಭಾನುವಾರವೇ ಅವನು ನಮ್ಮ ಹಳದಿ ಸ್ಪೋರ್ಟ್ಸ್ ಕಾರನ್ನು ಒಂದು ತಿರುವಿನಲ್ಲಿ ಕಬ್ಬಿಣದ ಬೇಲಿಗೆ ಉಜ್ಜಿದ. ಅವನಿಗೇನೂ ಆಗಲಿಲ್ಲ. ಪಾರ್ಕಿಂಗಿಗೆ ಬಂದು ಇಳಿದವನೇ ಎಲ್ಲರೆದುರು, "ಬ್ರೇಕ್ ಹಿಡೀಲೇ ಇಲ್ಲ. ಎಗೋನ್ ಏರ್ ಸರಿಯಾಗಿ ತೆಗೆದಿಲ್ಲ" ಎಂದುಬಿಟ್ಟ. ಎಗೋನ್ ಅವನ ಜೊತೆ ಶಾಲೆಗೆ ಹೋದವನು, ನಮ್ಮ ಕಾರನ್ನು ಮೊದಲಿನಿಂದ ನೋಡಿಕೊಂಡ ಮೆಕ್ಯಾನಿಕ್. ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿಸಿ ಕಳಿಸುವ ಮೆಕ್ಯಾನಿಕ್ ಅಂದರೆ ನಮ್ಮಲ್ಲಿ ಕೊಲೆಗಾರ ಅಂದ ಹಾಗೆ. ಮಾತು ಊರೆಲ್ಲ ಸುತ್ತಿತು. ಎಗೋನ್‌ನ ಶೆಡ್ಡಿಗೆ ಕಾರು ಬರುವುದೇ ನಿಂತಿತು. ಬೇಸಿಗೆ ಮುಗಿಯುವುದರೊಳಗೆ ಅವನು ಬೀಗ ಹಾಕಿದ.

ನಮ್ಮ ಮನೆಯಲ್ಲಿ ಆಗ ಶುರುವಾಯಿತು ಬ್ರೇಕ್ ಪುರಾಣ. ಕಾರಿನ ಜೊತೆ ಬಂದ ಬ್ರೇಕ್ ಕಿತ್ತು ಹಾಕಿ ದೊಡ್ಡದು ಹಾಕಿಸಬೇಕಂತೆ. ಚಕ್ರದ ಡಿಸ್ಕನ್ನು ಇಕ್ಕಳದಂತೆ ಕಚ್ಚುವ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಹೆಚ್ಚಿದ್ದಷ್ಟೂ ಬ್ರೇಕ್ ದೊಡ್ಡದು. ಕಾಫಿಗೆ ಕೂತರೂ ಅದೇ, ಊಟಕ್ಕೆ ಕೂತರೂ ಅದೇ.

"ನಾಲ್ಕು ಪಿಸ್ಟನ್ನಿಂದು ಸಾಕು ಕಣೋ" ಎಂದೆ. ನಾನೂ ಆ ಟ್ರ್ಯಾಕಿನಲ್ಲಿ ಓಡಿಸಿದವಳೇ.

"ಆರು ಬೇಕು."

"ಯಾಕೆ, ಆನೆ ನಿಲ್ಲಿಸ್ಬೇಕಾ?"

"ತಮಾಷೆ ಬಿಡು ಗುದ್ರುನ್. ಇದು ಎಷ್ಟು ಬೇಗ ನಿಲ್ಲಿಸುತ್ತೆ ಅಂತ ಎಲ್ಲಾದ್ರೂ ಬರೆದಿದಾರಾ ನೋಡು."

"ಒಂದು ಸಲ ನಿಲ್ಲಿಸೋಕೆ ಟೈರಿನ ಹಿಡಿತ ಚೆನ್ನಾಗಿದ್ರೆ ಆಯ್ತು. ದೊಡ್ಡ ಡಿಸ್ಕ್ ಇರೋದು ಮತ್ತೆ ಮತ್ತೆ ತುಳಿದಾಗ ಬಿಸಿ ತಡ್ಕೊಳ್ಳೋಕೆ. ಒಳ್ಳೆ ಪ್ಯಾಡ್ ಹಾಕ್ಸು, ಬ್ರೇಕ್ ಆಯಿಲ್ ಬದಲಾಯ್ಸು, ಮುಗೀತು."

"ಆದ್ರೂ ದೊಡ್ಡದು ಬೇಗ ನಿಲ್ಲಿಸುತ್ತೆ ಅಲ್ವಾ?"

ಬೇರೆಯವರೆಲ್ಲ ಬಿಸಿಯ ಬಗ್ಗೆ, ತೂಕದ ಬಗ್ಗೆ ಕೇಳುತ್ತಾರೆ. ಇವನದು ಇದೊಂದೇ ಪ್ರಶ್ನೆ. ನನ್ನ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಕ್ಯಾಲಿಪರ್ ಚಕ್ರದೊಳಗೆ ಕೂರುತ್ತದೋ ಇಲ್ಲವೋ ನೋಡಲು ಮಾರುವವರು ಕಾಗದದ ಅಚ್ಚು ಕೊಡುತ್ತಾರೆ. ಅದನ್ನು ರಟ್ಟಿನ ಮೇಲಿಟ್ಟು ಅಡುಗೆಮನೆ ಕತ್ತರಿಯಲ್ಲಿ ಕತ್ತರಿಸಿದವಳು ನಾನೇ. ದೊಡ್ಡದು ಚಕ್ರದ ಕಡ್ಡಿಗೆ ತಾಗಿತು.

"ಚಕ್ರನೂ ದೊಡ್ಡದು ತಗೊಳ್ಳೋಣ" ಎಂದ.

"ಹಿಮಕ್ಕೆ ಅಂತ ಇಟ್ಟಿರೋ ಚಳಿಗಾಲದ ಚಕ್ರಾನೂ ಆಗ ಕೂರಲ್ಲ, ಅದನ್ನೇನು ಗೋಡೆಗೆ ನೇತು ಹಾಕ್ತೀಯಾ?"

"ಚಳಿಗಾಲದಲ್ಲಿ ಬಸ್ಸಿದೆ ಬಿಡೇ."

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಗೆ ಆರು ಪಿಸ್ಟನ್ನಿನ ಕೆಂಪು ಬಣ್ಣದ್ದನ್ನು ಆರಿಸಿದವಳೂ ನಾನೇ. ಕೊಬ್ಲೆನ್ಸ್ ಊರಿನಲ್ಲಿ ಒಬ್ಬರು ಹಾಕಿಕೊಟ್ಟರು, ವಾಹನ ತಪಾಸಣೆಯವರು ನೋಡಿ ಸರಿ ಎಂದರು.

ಹೊಸ ಬ್ರೇಕನ್ನು ಹಾಗೆಯೇ ಟ್ರ್ಯಾಕಿಗೆ ಒಯ್ಯುವಂತಿಲ್ಲ, ಮೊದಲು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ ವೇಗ ಹಿಡಿದು ಜೋರಾಗಿ ತುಳಿಯಬೇಕು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯಬೇಕು. ಓಡಿಸುವವನ ಪಕ್ಕ ಕೂತವರು "ಈಗ" ಎನ್ನುವುದು ನಮ್ಮಲ್ಲಿ ರೂಢಿ. ಅಕ್ಟೋಬರಿನ ಒಂದು ಬೆಳಿಗ್ಗೆ, ಕಾಡಿನ ನಡುವಿನ ನೇರ ರಸ್ತೆಯಲ್ಲಿ ನಾನು ರಸ್ತೆಬದಿಯ ಬಿಳಿ ಗೂಟವೊಂದನ್ನು ನೋಡಿ "ಈಗ!" ಎಂದೆ. ಕಾರು ಹೋಗುತ್ತಲೇ ಇತ್ತು. ಗೂಟ ದಾಟಿದ ಮೇಲೆ ಬ್ರೇಕ್ ಕಚ್ಚಿತು. ಕಚ್ಚಿದ್ದೇನೋ ಸೊಗಸಾಗಿ, ಬೆಲ್ಟು ಭುಜಕ್ಕೆ ಒತ್ತಿ ನೋಯಿತು.

"ನಿದ್ದೆ ಮಾಡ್ತಿದೀಯೇನೋ?"

"ಇನ್ನೊಂದ್ಸಲ ಹೇಳು."

ಮತ್ತೆ "ಈಗ!" ಎಂದೆ. ಮತ್ತೆ ಹಾಗೆಯೇ ಆಯಿತು. ಅದಾದ ಮೇಲೆ ರಸ್ತೆ ನೋಡುವುದನ್ನು ಬಿಟ್ಟು ಅವನ ಕಾಲನ್ನೇ ನೋಡಿದೆ. ನಾನು ಅಂದ ತಕ್ಷಣ ಮಂಡಿ ಎದ್ದಿತು. ಪಾದ ಮಾತ್ರ ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ ಪೆಡಲನ್ನು ಹುಡುಕುತ್ತಿತ್ತು.

"ನಿಲ್ಸು. ಕಾಲಿಗೇನಾಗಿದೆ?"

"ಏನಿಲ್ಲ, ಬೂಟು ಹೊಸದು."

"ರೈಮುಂಡ್!"

ಅವನು ಮುಂದಿನ ಗಾಜನ್ನೇ ನೋಡುತ್ತಾ ಹೇಳಿದ. "ಪಾದ ಇದೆಯೋ ಇಲ್ವೋ ಗೊತ್ತಾಗಲ್ಲ ಕಣೇ. ಸಕ್ಕರೆ ಕಾಯಿಲೆ ನರ ತಿಂದಿದೆಯಂತೆ. ಓಡಿಸ್ಬೇಡಿ ಅಂತ ಡಾಕ್ಟರು ಜನವರೀಲೇ ಅಂದ್ರು."

"ಜನವರೀಲೇ! ಅಂದ್ರೆ ಬೇಲಿಗೆ ಗುದ್ದೋಕೆ ಮುಂಚೆ. ಹಾಗಾದ್ರೆ ಎಗೋನ್?"

ಅವನು ಸ್ಟೀರಿಂಗಿನ ಮೇಲಿನ ಧೂಳು ಒರೆಸಿದ.

"ಈ ಬ್ರೇಕ್ ಯಾಕೋ ಮತ್ತೆ? ನನ್ನ ಕೈಲಿ ರಟ್ಟು ಕತ್ತರಿಸಿದ್ದು ಯಾಕೆ?"

"ಕಾಲು ತಡ ಮಾಡಿದ್ದನ್ನ ದೊಡ್ಡ ಬ್ರೇಕ್ ತುಂಬಿ ಕೊಡುತ್ತೆ ಅಂದ್ಕೊಂಡೆ."

ಥೂ! ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಅವನನ್ನು ಹಿಡಿದು ಬಾರಿಸಬೇಕು ಅನ್ನಿಸಿತು. "ಇಳಿ ಕೆಳಗೆ. ಈ ಕಡೆ ಬಂದು ಕೂತ್ಕೋ" ಎಂದೆ.

"ಎಲ್ಲಿಗೆ?"

"ಎಗೋನ್ ಮನೆಗೆ. ಇದೆಲ್ಲ ಅವನಿಗೆ ನೀನೇ ಹೇಳ್ಬೇಕು."

"ಕಾರು ಬೇಕಾದ್ರೆ ನಾಳೇನೇ ಮಾರಿಬಿಡು. ಅದೊಂದು ಬೇಡ."

"ಯಾಕೆ ಬೇಡ? ಒಬ್ಬನ ಬಾಯಿಗೆ ಮಣ್ಣು ಹಾಕಿದೀಯಲ್ಲೋ!"

"ಮೆಕ್ಯಾನಿಕ್ ಕೆಲಸ ಕೆಡಿಸಿದ ಅಂದ್ರೆ ನಾನಿನ್ನೂ ಡ್ರೈವರ್ರು. ಇದನ್ನ ಹೇಳಿದ್ರೆ ನಾನು ಯಾರು ಹೇಳು?"

ನಾನು ಓಡಿಸಿದೆ. ಪಕ್ಕದ ಸೀಟಿನಲ್ಲಿ ಕೂತರೆ ಅವನಿಗೆ ಮೊದಲಿನಿಂದಲೂ ಒಂದು ಚಾಳಿ. ತಿರುವು ಬಂದಾಗೆಲ್ಲ ತಾನೇ ಬ್ರೇಕ್ ಹಾಕುವವನಂತೆ ಬಲಗಾಲಿನಿಂದ ನೆಲ ಒತ್ತುತ್ತಾನೆ. "ಕಾರಿನ ತಳ ತೂತಾಗುತ್ತೆ" ಎಂದು ರೇಗಿಸುತ್ತಿದ್ದೆ. ಅವತ್ತೂ ಒತ್ತುತ್ತಿದ್ದ, ತಿರುವು ಕಳೆದ ಮೇಲೆ.

ಎಗೋನ್ ಅಂಗಳದಲ್ಲಿ ಒಣಗಿದೆಲೆ ಗುಡ್ಡೆ ಹಾಕುತ್ತಿದ್ದ. ನಮ್ಮನ್ನು ಕಂಡು ಹತ್ತಿರ ಬಂದ. ರೈಮುಂಡ್‌ನ ಮುಖ ನೋಡದೆ, ಇಲ್ಲಿಯವರೆಲ್ಲ ಮಾಡುವ ಹಾಗೆ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಗಳ ಸಂದಿಯಿಂದ ಇಣುಕಿದ.

"ಆರು ಪಿಸ್ಟನ್ನು. ಒಳ್ಳೇದನ್ನೇ ಆರಿಸಿದೀಯ ಗುದ್ರುನ್. ಈಗ ನಿಲ್ಲುತ್ತಾ?"

ನಾನು ಕೂತಲ್ಲಿಂದಲೇ ರೈಮುಂಡ್‌ನ ಕಡೆ ತಿರುಗಿದೆ. ಅವನ ಕಡೆಯ ಗಾಜು ಇಳಿಸಿಯೇ ಇತ್ತು. ಹೇಳು, ದೇವರಾಣೆ ಈಗಲಾದರೂ ಹೇಳು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಿಲ್ಲುತ್ತೆ. ಈ ಸಲ ಏರ್ ಸರಿಯಾಗಿ ತೆಗೆದಿದಾರೆ" ಎಂದ ರೈಮುಂಡ್.

ಎಗೋನ್ ನಿಧಾನವಾಗಿ ಎದ್ದು, ಕೊಳೆಯೇ ಇಲ್ಲದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಹಾಗಾದ್ರೆ ನನ್ನ ಕೈಯಲ್ಲೇ ತಪ್ಪಾಗಿರ್ಬೇಕು. ಅವತ್ತಿಂದ ಅದನ್ನೇ ಯೋಚಿಸ್ತಿದೀನಿ, ಎಲ್ಲಿ ತಪ್ಪಿದೆ ಅಂತ."

ನನ್ನ ಕೈಲಿ ಇನ್ನು ತಡೆಯಲಾಗಲಿಲ್ಲ. "ನಿನ್ನ ಕೈ ತಪ್ಪಿಲ್ಲ ಎಗೋನ್. ತಪ್ಪಿದ್ದು ಇವನ ಕಾಲು. ಪಾದಕ್ಕೆ ಸ್ಪರ್ಶವೇ ಇಲ್ಲ. ಜನವರೀಲೇ ಇವನಿಗೆ ಗೊತ್ತಿತ್ತು" ಎಂದೆ.

ಎಗೋನ್ ಬಗ್ಗಿ, ಆಗ ಚಕ್ರವನ್ನು ನೋಡಿದಂತೆಯೇ ರೈಮುಂಡ್‌ನನ್ನು ನೋಡಿದ. ಆಮೇಲೆ ಎಲೆಯ ಗುಡ್ಡೆಯನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನನ್ನ ಮಾತು ಮುಗಿದಿತ್ತು, ಎಗೋನ್‌ನ ಬಾಗಿಲೂ ಮುಚ್ಚಿತ್ತು. ಆಗ ರೈಮುಂಡ್‌ನ ಬಲಗಾಲು ಮೇಲೆದ್ದು, ಬ್ರೇಕೇ ಇಲ್ಲದ ಕಡೆ, ನೆಲವನ್ನು ಗಟ್ಟಿಯಾಗಿ ಒತ್ತಿತು.