ಮುಗಿದ ಅಧ್ಯಯನದ ಫೋನು

ವಿಶ್ವವಿದ್ಯಾಲಯದ ಜಾಗತಿಕ ಆರೋಗ್ಯ ಸಂಸ್ಥೆಯಲ್ಲಿ ನನ್ನ ಕೆಲಸ ಏನು ಅಂತ ಒಂದೇ ಉಸಿರಿಗೆ ಹೇಳುವುದು ಕಷ್ಟ. ಪ್ರೊಫೆಸರುಗಳಿಗೆ ವಿಮಾನದ ಟಿಕೆಟ್ಟು, ಸಭೆಗೆ ಕೋಣೆ, ಕೈಕೊಟ್ಟ ಪ್ರೊಜೆಕ್ಟರಿಗೆ ರಿಪೇರಿಯವನು, ಎಲ್ಲವೂ ನನ್ನ ತಲೆಗೇ. ಜಗತ್ತಿನ ಆರೋಗ್ಯವನ್ನು ಅವರು ನೋಡಿಕೊಳ್ಳುತ್ತಾರೆ, ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಹೋದ ತಿಂಗಳು ಮಕ್ಕಳ ಮೂರ್ಛೆರೋಗದ ಅಧ್ಯಯನ ಮುಗಿಯಿತು. ಕೇಕು ಕತ್ತರಿಸಿದರು, ಫೋಟೊ ತೆಗೆಸಿಕೊಂಡರು. ದೂರದ ಹಳ್ಳಿಗಳಲ್ಲಿ ಮನೆಮನೆಗೆ ಮಾತ್ರೆ ತಲುಪಿಸುತ್ತಿದ್ದ ನರ್ಸ್ ಬೇರೆ ಕೆಲಸ ಹಿಡಿದಳು. ಆದರೆ ಆ ಮನೆಗಳಿಗೆ ಕೊಟ್ಟಿದ್ದ ಫೋನ್ ನಂಬರನ್ನು ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದಾಗ, ಸದ್ಯಕ್ಕೆ ಇವಳ ಮೇಜಿಗೆ ಹಾಕಿ ಎಂದರು. ನನ್ನ ಮೇಜು ಅಂದರೆ ಎಲ್ಲರಿಗೂ ಅಷ್ಟು ಸಲೀಸು.

ಮೊದಲ ಕರೆ ಒಬ್ಬ ಅಜ್ಜಿಯದು.

"ನರ್ಸಮ್ಮ ಯಾವಾಗ ಬರ್ತಾರೆ ತಾಯಿ? ಮೊಮ್ಮಗಳ ಮಾತ್ರೆ ಮುಗೀತಾ ಬಂತು."

"ವಿಚಾರಿಸಿ ಹೇಳ್ತೀನಿ ಅಜ್ಜಿ," ಎಂದೆ. ಆಫೀಸಿನಲ್ಲಿ ನಾವು ದಿನಕ್ಕೆ ಹತ್ತು ಸಲ ಆಡುವ ಮಾತು. ಇಲ್ಲಿ ಯಾರೂ ಅದನ್ನು ನಂಬಿ ಕೂರುವುದಿಲ್ಲ.

ವಿಚಾರಿಸಿದ್ದಂತೂ ನಿಜ. ನಿರ್ದೇಶಕಿ ಮೇಡಂ ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಉಳಿದ ಮಾತ್ರೆ ಎಲ್ಲಾ ಔಷಧ ಕಂಪನಿಗೆ ವಾಪಸ್ ಹೋಯ್ತಲ್ಲಮ್ಮ, ಅದೇ ನಿಯಮ. ನಾವೇನು ಆಸ್ಪತ್ರೆನಾ? ಅವರೂರಿನ ಆಸ್ಪತ್ರೆಗೆ ಕೇಳಿ ನೋಡು."

ಹೌದು, ವಾಪಸ್ ಹೋಗಿತ್ತು. ಆ ಪೆಟ್ಟಿಗೆಗಳಿಗೆ ಟೇಪು ಸುತ್ತಿದವಳೇ ನಾನು. ಅವರೂರಿನ ಆಸ್ಪತ್ರೆಗೆ ಫೋನು ಮಾಡಿದರೆ, ಆ ಔಷಧ ಅಲ್ಲಿಗೆ ಬರುವುದೇ ಇಲ್ಲವಂತೆ. ನಾನೇ ಕೊಂಡು ಕಳಿಸೋಣವೆಂದು ಔಷಧಿ ಅಂಗಡಿಗೆ ಹೋದೆ. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಅಂಗಡಿಯವನು ಮುಖ ತಿರುಗಿಸಿದ. ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಇದನ್ನೆಲ್ಲ ಅಜ್ಜಿಗೆ ಹೇಳಲು ಬಾಯಿ ಬರದೆ ನಾಳೆ, ನಾಡಿದ್ದು ಎಂದು ತಳ್ಳುತ್ತಾ ಬಂದೆ.

ಇವತ್ತು ಅಜ್ಜಿಯೇ ಫೋನು ಮಾಡಿದಳು. ದನಿಯಲ್ಲಿ ಗೆಲುವಿತ್ತು.

"ಯೋಚನೆ ಮಾಡ್ಬೇಡ ಮಗಳೇ. ನೀನು ವಿಚಾರಿಸ್ತೀನಿ ಅಂದ್ಯಲ್ಲ, ಅವತ್ತಿಂದ ಅರ್ಧರ್ಧ ಮಾತ್ರೆ ಕೊಡ್ತಿದೀನಿ. ನರ್ಸಮ್ಮ ಬರೋವರೆಗೂ ಸಾಲ್ಬೇಕಲ್ಲ? ನಿನ್ನೆ ಒಂದ್ಸಲ ಬಿದ್ಲು. ಪಾಪ, ತಾನೇ ಎದ್ದು ಕೂತ್ಕೊಂಡ್ಲು."

"ಅಯ್ಯೋ, ಅರ್ಧ ಕೊಡ್ಬೇಡಿ ಅಜ್ಜಿ! ಮೊದಲಿನ ಹಾಗೇ ಪೂರ್ತಿ ಕೊಡಿ."

"ಹಾಗಾದ್ರೆ ನರ್ಸಮ್ಮ ಬರ್ತಿದಾರೆ ಅನ್ನು!"

ಇನ್ನು ಮುಚ್ಚಿಡಲು ಆಗಲಿಲ್ಲ. "ಇಲ್ಲ ಅಜ್ಜಿ. ಅವರು ಕೆಲಸ ಬಿಟ್ಟಿದಾರೆ. ಇನ್ಮೇಲೆ ಯಾರೂ ಬರಲ್ಲ. ಮಾತ್ರೆನೂ ಇಲ್ಲ."

ಆ ಕಡೆ ಮಗುವಿನ ನಗು ಕೇಳುತ್ತಿತ್ತು, ಏನನ್ನೋ ಬಡಿದು ಸದ್ದು ಮಾಡುತ್ತಿತ್ತು. ಅಜ್ಜಿ ಬೈಯುತ್ತಾಳೆ, ಬೈಯಲಿ ಎಂದುಕೊಂಡೆ. ಅವಳು ಬೈಯಲಿಲ್ಲ.

"ಯಾರೂ ಬರಲ್ಲ ಅಂದ್ಮೇಲೆ, ಪೂರ್ತಿ ಕೊಟ್ರೆ ಬೇಗ ಮುಗಿದುಹೋಗುತ್ತಲ್ಲ ಮಗಳೇ?"

ಅಜ್ಜಿ ಫೋನು ಇಡದೆ ಉತ್ತರಕ್ಕೆ ಕಾಯುತ್ತಿದ್ದಳು.