ಜಗಲಿಯ ಉಕ್ತಲೇಖನ

"ನೀನು ಜಗಲೀಲೇ ಕೂತ್ಕೊಳ್ಳೋ. ಇಂಗ್ಲಿಷಿಗೇನು ಮಡಿಯಿಲ್ಲ, ಗೋಡೆ ದಾಟಿ ಬರುತ್ತೆ" ಎಂದರು ಪರೀಕ್ಷೆ ನಡೆಸಲು ಬಂದಿದ್ದ ಮೇಷ್ಟ್ರು. ಒಳಗೆ ಬೆಂಚುಗಳ ಮೇಲಿದ್ದವರು ನಕ್ಕರು.

ಗಂಗುಲಪ್ಪ ಜಗಲಿಯ ಕಲ್ಲಿನ ಮೇಲೆ ಕೂತು ಮಸಿಕುಡಿಕೆ ಪಕ್ಕಕ್ಕಿಟ್ಟುಕೊಂಡ. ಮುಳಬಾಗಿಲ ಕಡೆಯ ಹೊಲಗೇರಿಯಿಂದ ಅವ್ವನ ಜೊತೆ ಎರಡು ದಿನ ನಡೆದು ಕೋಲಾರ ಸೇರಿದ್ದ. ಕಾಲೇಜಿಗೆ ಹೋಗಬೇಕಾದರೆ ಇಂಗ್ಲಿಷ್ ಪ್ರವೇಶ ಪರೀಕ್ಷೆ ದಾಟಬೇಕು. ಹೋದ ವರ್ಷ, ಮೂವತ್ತೇಳನೇ ಇಸವಿಯಲ್ಲೂ ಇದೇ ಜಗಲಿ. ಪ್ರಬಂಧ, ವ್ಯಾಕರಣ ಚೆನ್ನಾಗಿ ಬರೆದಿದ್ದ. ಮೇಷ್ಟ್ರು ಓದಿದ್ದನ್ನು ಕೇಳಿ ಬರೆಯುವ ಉಕ್ತಲೇಖನದಲ್ಲಿ ಸೊನ್ನೆ ಬಂದು, ನಾಲ್ಕೇ ಅಂಕ ಕಡಿಮೆಯಾಗಿ ಫೇಲಾಗಿದ್ದ. ಊರ ಪಟೇಲ ದೊಡ್ಡವೆಂಕಟಪ್ಪ ಅವನ ಕೈಗೇ ತಮಟೆ ಕೊಟ್ಟು, "ಹೊಲೇರ ಗಂಗುಲ ಇಂಗ್ಲಿಷಲ್ಲಿ ಡುಮ್ಕಿ ಅಂತ ಕೂಗ್ಲಾ ಬೋಳಿಮಗನೆ" ಎಂದು ಬೀದಿಬೀದಿ ಸಾರಿಸಿದ್ದ.

ಮೇಷ್ಟ್ರು ಉಕ್ತಲೇಖನ ಶುರು ಮಾಡಿದರು. ರಸ್ತೆಯಲ್ಲಿ ಸಂತೆಯ ಗಾಡಿಗಳ ಸದ್ದು. ಮೊದಲ ವಾಕ್ಯದಲ್ಲಿ 'ರಿವರ್' ಎಂಬುದೊಂದೇ ಕಿವಿಗೆ ಬಿತ್ತು. ಎರಡನೆಯದರಲ್ಲಿ ಏನೂ ಇಲ್ಲ. ಗಂಗುಲಪ್ಪ ಎದ್ದು ಕಿಟಕಿಯ ಬಳಿ ಹೋದ.

"ಪ್ಲೀಸ್ ರಿಪೀಟ್, ಸರ್."

ಮೇಷ್ಟ್ರು ಪುಸ್ತಕದಿಂದ ತಲೆ ಎತ್ತಲಿಲ್ಲ. "ಆ ಕಿಟಕಿ ಹಾಕ್ರೋ. ವಾಸ್ನೆ ಬರುತ್ತೆ."

ಯಾರೋ ಕಿಟಕಿ ಮುಚ್ಚಿದರು.

ಗಂಗುಲಪ್ಪ ಹಾಳೆ, ಮಸಿಕುಡಿಕೆ ಎತ್ತಿಕೊಂಡು ಹೊಸಿಲು ದಾಟಿ, ಮೇಷ್ಟ್ರ ಮೇಜಿನೆದುರು ನೆಲದ ಮೇಲೆ ಕೂತ. ಬೆಂಚುಗಳು ದಡದಡ ಸರಿದವು. ಒಬ್ಬರ ಹಿಂದೆ ಒಬ್ಬರು ಎದ್ದು ಹೊರಗೋಡಿದರು.

"ಲೇ ಕದಿರೇಶ, ಈ ಸೂಳೆಮಗನ್ನ ಎಳ್ದು ಆಚೆಗ್ಹಾಕೋ" ಎಂದು ಮೇಷ್ಟ್ರು ಜವಾನನನ್ನು ಕೂಗಿದರು.

ಅಂಗಳದ ಹುಣಸೆಮರದ ಕೆಳಗೆ ಕಾದು ಕೂತಿದ್ದ ಅವ್ವ ಮುನಿಯಲ್ಲಮ್ಮ ಜವಾನನಿಗಿಂತ ಮೊದಲೇ ಓಡಿಬಂದು ಬಾಗಿಲಿಗೆ ಅಡ್ಡಲಾಗಿ ಮಲಗಿದಳು.

"ಬಾರಪ್ಪ, ಮುಟ್ಟಿ ಎಳಿ. ನನ್ನ ದಾಟಿ ಹೋಗು. ಆಮೇಲೆ ಯಾವ ಬಾವೀಲಿ ಮುಳುಗ್ತೀಯೋ ನಾನೂ ನೋಡ್ತೀನಿ."

ಕದಿರೇಶ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದ. ಮೇಷ್ಟ್ರು ಹೊರಗೆ ಹೋಗಲು ಎದ್ದವರು ಹೊಸಿಲ ಮೇಲಿನ ಸೀರೆಯ ಸೆರಗು ಕಂಡು ಅಲ್ಲೇ ನಿಂತರು.

"ಬಿದಿರಿನ ಗಳ ತಗೊಂಬಾರೋ, ಮುಟ್ಟದೆ ದೂರದಿಂದ್ಲೇ ತಳ್ಳು" ಎಂದರು. ಕದಿರೇಶ ಹಿತ್ತಲಿಗೆ ಓಡಿದ.

"ನಾಯ್ನಾ, ನೀನು ಬರ್ಕೋ" ಎಂದಳು ಅವ್ವ, ಮಲಗಿದಲ್ಲಿಂದಲೇ.

ಗಂಗುಲಪ್ಪ ಲೇಖನಿಯನ್ನು ಮಸಿಯಲ್ಲಿ ಅದ್ದಿದ. "ಓದಿ ಸ್ವಾಮಿ. ಈಗ ಕೇಳಿಸ್ತದೆ."

ಹಿತ್ತಲಿಂದ ಬಿದಿರು ಎಳೆದು ತರುವ ಸದ್ದು ಹತ್ತಿರವಾಗುತ್ತಿತ್ತು.